ಜಕಾರ್ತಾಕ್ಕೆ ಮೊದಲ ಸಲ ಕೆಲಸದ ಮೇಲೆ ಹೊರಟವರು ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಪೀಣ್ಯದಲ್ಲಿ ಪ್ಯಾಕಿಂಗ್ ಯಂತ್ರಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೇನೆ. ಮಾರಾಟದ ಜವಾಬ್ದಾರಿ ನನ್ನದು. ಗಿರಾಕಿಗಳನ್ನು ಹುಡುಕಿಕೊಂಡು ಮೊದಲ ಸಲ ಇಂಡೊನೇಷ್ಯಾದ ರಾಜಧಾನಿ ಜಕಾರ್ತಾಕ್ಕೆ ಹೋದಾಗ ಒಂಬತ್ತು ದಿನ ಇದ್ದೆ. ಆಮೇಲೆ ಇನ್ನೂ ಮೂರು ಸಲ ಹೋಗಿ ಬಂದೆ. ಈಗ ಪರಿಚಯದವರು ಯಾರೇ ಆ ಕಡೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಎಲ್ಲದಕ್ಕಿಂತ ಮುಂಚೆ ನಾನು ಹೇಳುವ ಮಾತು ಒಂದೇ: ದಿನಕ್ಕೆ ಎರಡು ಮೀಟಿಂಗ್‌ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ವೀಸಾ ಹೇಗೆ? ಹೋಗುವುದು ಹೇಗೆ?

ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ. 30 ದಿನಕ್ಕೆ 5,00,000 ರುಪಿಯಾ, ಅದು ಅಲ್ಲಿಯ ದುಡ್ಡಿನ ಹೆಸರು. ಒಂದು ಸಲ ಇನ್ನೂ 30 ದಿನ ಮುಂದುವರಿಸಬಹುದು. ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡಿಕೊಂಡು ಹೋದರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ವಾಪಸ್ ಟಿಕೆಟ್ ಕೈಯಲ್ಲಿರಬೇಕು. ಈ ವೀಸಾದಲ್ಲಿ ಮೀಟಿಂಗ್ ಮಾಡಬಹುದು, ಅಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ. ನಾನು ಸಿಂಗಾಪುರದಲ್ಲಿ ವಿಮಾನ ಬದಲಿಸಿ ಹೋದೆ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.

ಇಳಿದ ತಕ್ಷಣ ಮೊದಲು ಏನು ಅನಿಸಿತು?

ವಾಸನೆ. ವಿಮಾನ ನಿಲ್ದಾಣದ ಬಾಗಿಲು ದಾಟಿ ಹೊರಗೆ ಬಂದೆ. ಒದ್ದೆ ಬಟ್ಟೆ ಮೈಗೆ ಸುತ್ತಿದ ಹಾಗೆ ಸೆಕೆ. ಆ ಸೆಕೆಯಲ್ಲಿ ಎಲ್ಲಿಂದಲೋ ಪಲಾವಿಗೆ ಲವಂಗ ಹುರಿಯುವ ವಾಸನೆ. ಹೋಟೆಲ್ ಹತ್ತಿರ ಇರಬೇಕು ಅಂದುಕೊಂಡೆ. ನೋಡಿದರೆ ಕಂಬದ ಪಕ್ಕ ನಿಂತಿದ್ದ ಡ್ರೈವರ್ ಒಬ್ಬರ ಕೈಯಲ್ಲಿದ್ದ ಸಿಗರೇಟು. ತಂಬಾಕಿಗೆ ಲವಂಗದ ಚೂರು ಬೆರೆಸಿ ಮಾಡಿದ್ದು, ಹೆಸರು ಕ್ರೆತೆಕ್. ಎಳೆದಾಗ ಒಳಗಿನ ಲವಂಗ ಚಿಟಿಚಿಟಿ ಅನ್ನುತ್ತದೆ, ಆ ಸದ್ದಿನಿಂದಲೇ ಆ ಹೆಸರು. ನಾನು ಸಿಗರೇಟು ಸೇದುವುದಿಲ್ಲ. ಆದರೂ ಈಗ ಮನೆಯಲ್ಲಿ ಲವಂಗ ಹುರಿದರೆ ಆ ರಾತ್ರಿ, ಆ ಕಂಬ ಕಣ್ಣ ಮುಂದೆ ಬರುತ್ತದೆ.

ವಿಮಾನ ನಿಲ್ದಾಣದಿಂದ ಊರಿಗೆ ಹೇಗೆ ಬರುವುದು?

ಸುಕಾರ್ನೊ-ಹತ್ತಾ ವಿಮಾನ ನಿಲ್ದಾಣ ಇರುವುದು ಪಕ್ಕದ ತಾಂಗೆರಾಂಗ್‌ನಲ್ಲಿ. ಅಲ್ಲಿಂದ ಊರ ನಡುವಿನ ಸುದೀರ್ಮಾನ್ ಕಡೆಗೆ ರೈಲು ಇದೆ, ಸುಮಾರು ಮುಕ್ಕಾಲು ಗಂಟೆ. ಲಗೇಜು ಕಡಿಮೆ ಇದ್ದರೆ ಅದೇ ಒಳ್ಳೆಯದು. ಟ್ಯಾಕ್ಸಿ ಬೇಕಾದರೆ ತಿಳಿನೀಲಿ ಬಣ್ಣದ ಬ್ಲೂ ಬರ್ಡ್ ಕಾರುಗಳು ಮೀಟರ್ ಹಾಕಿ ಬರುತ್ತವೆ. ಟೋಲ್ ದುಡ್ಡು ಮೀಟರಿಗೆ ಸೇರುವುದಿಲ್ಲ, ಅದನ್ನು ನೀವೇ ಕೊಡಬೇಕು.

ಟ್ರಾಫಿಕ್ ಬೆಂಗಳೂರಿಗಿಂತ ಜಾಸ್ತಿನಾ?

ಸಿಲ್ಕ್ ಬೋರ್ಡ್ ನೋಡಿದವರಿಗೆ ಯಾವ ಊರಿನ ಟ್ರಾಫಿಕ್ ಆದರೂ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಅದಕ್ಕೇ ಮೊದಲ ದಿನವೇ ಮೂರು ಮೀಟಿಂಗ್ ಇಟ್ಟುಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ಸುದೀರ್ಮಾನ್ ರಸ್ತೆಯಲ್ಲಿ, ಮಧ್ಯಾಹ್ನ ಒಂದಕ್ಕೆ ಚಿಕಾರಾಂಗ್‌ನಲ್ಲಿ, ಸಂಜೆ ಐದಕ್ಕೆ ಮತ್ತೆ ಊರೊಳಗೆ. ಚಿಕಾರಾಂಗ್ ಅಂದರೆ ಅಲ್ಲಿಯ ಪೀಣ್ಯ ಇದ್ದ ಹಾಗೆ, ಅದಕ್ಕಿಂತ ಎಷ್ಟೋ ದೊಡ್ಡದು. ಊರಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್. ಟೋಲ್ ರಸ್ತೆಯಲ್ಲಿ ಮಳೆ ಹಿಡಿಯಿತು. ಲಾರಿಗಳ ನಡುವೆ ಕಾರು ನಿಂತಿದ್ದು ನಿಂತೇ ಇತ್ತು. ಡ್ರೈವರ್ ಕೈ ತೋರಿಸಿ ‘ಮಾಚೆತ್’ ಅಂದರು. ಟ್ರಾಫಿಕ್ ಜಾಮ್ ಅನ್ನುವುದಕ್ಕೆ ಅಲ್ಲಿಯ ಮಾತು. ನೀವು ಮೊದಲು ಕಲಿಯುವ ಪದ ಅದೇ ಆಗಿರುತ್ತದೆ.

ಮುಟ್ಟಿದಾಗ ಎರಡು ಮುಕ್ಕಾಲು. ಖರೀದಿ ವಿಭಾಗದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಕೇಳಿದ್ದು ‘ಸುದಾ ಮಾಕನ್?’ ಜೊತೆಗಿದ್ದ ಹುಡುಗ ಇಂಗ್ಲಿಷಿನಲ್ಲಿ ಹೇಳಿದ: ಊಟ ಆಯ್ತಾ ಅಂತ ಕೇಳ್ತಿದ್ದಾರೆ. ನಮ್ಮ ಮನೆಗಳಲ್ಲಿ ಕೇಳುವ ಅದೇ ಮಾತು, ಅದೇ ದನಿ. ಕ್ಯಾಂಟೀನಿನಲ್ಲಿ ನನಗೆ ಅಂತ ಅನ್ನ ಮುಚ್ಚಿಟ್ಟಿದ್ದರು. ನಾನು ಉಂಡು ಮುಗಿಸುವ ತನಕ ಕೆಲಸದ ಮಾತು ತೆಗೆಯಲಿಲ್ಲ. ಐದು ಗಂಟೆಯ ಮೀಟಿಂಗಿಗೆ ಹೋಗಲು ಆಗಲೇ ಇಲ್ಲ. ಇವತ್ತಿಗೂ ನಮ್ಮ ದೊಡ್ಡ ಗಿರಾಕಿ ಆ ಚಿಕಾರಾಂಗ್‌ನವರೇ.

ಊರೊಳಗೆ ಓಡಾಡಲು ರೈಲು, ಬಸ್ಸು ಚೆನ್ನಾಗಿವೆ. ಬುಂದರಾನ್ ಎಚ್‌ಐ ವೃತ್ತದಿಂದ ಲೆಬಾಕ್ ಬುಲುಸ್ ತನಕ ಮೆಟ್ರೊ ಇದೆ. 2019ರ ಮಾರ್ಚ್‌ನಲ್ಲಿ ಶುರುವಾಗಿದ್ದು, 13 ನಿಲ್ದಾಣ, ದೂರ ನೋಡಿ 3,000ದಿಂದ 14,000 ರುಪಿಯಾ. ಆಫೀಸುಗಳ ಸಾಲು ಪೂರ್ತಿ ಈ ಮಾರ್ಗದ ಮೇಲೇ ಇದೆ. ಹಾಗಾಗಿ ಹೋಟೆಲನ್ನು ಮೆಟ್ರೊ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿ ಮಾಡಿಕೊಳ್ಳಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ಟ್ರಾನ್ಸ್‌ಜಕಾರ್ತಾ ಬಸ್ಸು 2004ರಿಂದ ಇದೆ, ಟಿಕೆಟ್ 3,500 ರುಪಿಯಾ. ದೊಡ್ಡ ಮಾರ್ಗಗಳಲ್ಲಿ ಬಸ್ಸಿಗೇ ಅಂತ ಬೇರೆ ದಾರಿ ಬಿಟ್ಟಿದ್ದಾರೆ. ಪಕ್ಕದಲ್ಲಿ ಕಾರುಗಳು ನಿಂತಿದ್ದರೂ ಬಸ್ಸು ಮುಂದೆ ಹೋಗುತ್ತಿರುತ್ತದೆ. ಬೆಂಗಳೂರಿನ ಹೊರ ವರ್ತುಲ ರಸ್ತೆ ನೆನಪಾಗಿ ನನಗೆ ಹೊಟ್ಟೆಕಿಚ್ಚಾಯಿತು. ಬಸ್ಸಿನಲ್ಲಿ ನೋಟು ತಗೊಳ್ಳುವುದಿಲ್ಲ, ಅಂಗಡಿಯಲ್ಲಿ ಒಂದು ಇ-ಮನಿ ಕಾರ್ಡು ಕೊಂಡು ದುಡ್ಡು ತುಂಬಿಸಿಕೊಳ್ಳಿ. ಹತ್ತಿರದ ದೂರಕ್ಕೆ ಆ್ಯಪ್‌ನಲ್ಲಿ ಕರೆಸುವ ಗೋಜೆಕ್, ಗ್ರಾಬ್ ಬೈಕುಗಳು. ಹಸಿರು ಜಾಕೆಟ್ಟಿನವರು ಹೆಲ್ಮೆಟ್ ಕೊಟ್ಟು ಹತ್ತಿಸಿಕೊಳ್ಳುತ್ತಾರೆ.

ಬಾಡಿಗೆ ಕಾರು ಮಾಡಿದರೆ ನಂಬರ್ ಪ್ಲೇಟ್ ಕೇಳಿಕೊಳ್ಳಿ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 9 ದೊಡ್ಡ ರಸ್ತೆಗಳಲ್ಲಿ ಬೆಸ-ಸಮ ನಿಯಮ. ತಾರೀಕು ಸಮಸಂಖ್ಯೆಯಾದರೆ ಸಮಸಂಖ್ಯೆಯ ಕಾರಿಗೆ ಮಾತ್ರ ಪ್ರವೇಶ.

ದುಡ್ಡಿನ ಸೊನ್ನೆಗಳನ್ನು ಲೆಕ್ಕ ಹಾಕುವುದು ಹೇಗೆ?

ಒಂದು ರೂಪಾಯಿಗೆ ಸುಮಾರು 180-190 ರುಪಿಯಾ. ಕೊನೆಯ ಮೂರು ಸೊನ್ನೆ ತೆಗೆದು ಐದರಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿ. 50,000 ಅಂದರೆ ನಮ್ಮ 260-270 ರೂಪಾಯಿ. ಅಂಗಡಿಯವರು ‘ರಿಬು’, ಅಂದರೆ ಸಾವಿರ ಅನ್ನುವುದನ್ನು ಎಷ್ಟೋ ಸಲ ನುಂಗಿಬಿಡುತ್ತಾರೆ. ಇಪ್ಪತ್ತು ಅಂದರೆ ಇಪ್ಪತ್ತು ಸಾವಿರ. ‘ಜುತಾ’ ಅಂದರೆ ಹತ್ತು ಲಕ್ಷ.

ಇದಕ್ಕಿಂತ ಮುಖ್ಯವಾದದ್ದು ಚುಕ್ಕಿ. ಅಲ್ಲಿ ಸಾವಿರಕ್ಕೆ ಚುಕ್ಕಿ ಇಡುತ್ತಾರೆ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮದಕ್ಕೆ ಪೂರ್ತಿ ಉಲ್ಟಾ. ನಾವು ಕಳಿಸಿದ ಕೊಟೇಶನ್‌ನಲ್ಲಿ ಯಂತ್ರಕ್ಕೆ ಹಾಕುವ ಒಂದು ರಬ್ಬರ್ ಕಪ್ಪಿನ ಬೆಲೆ 1.250 ಡಾಲರ್ ಅಂತ ಇತ್ತು. ಒಂದೂಕಾಲು ಡಾಲರ್ ಅಂತ ನಮ್ಮ ಲೆಕ್ಕ. ಅವರು ಓದಿದ್ದು ಸಾವಿರದ ಇನ್ನೂರೈವತ್ತು. ಹದಿನೈದು ದಿನ ಉತ್ತರವೇ ಇಲ್ಲ. ಇಷ್ಟು ಬೆಲೆ ಹೇಳುವವರ ಜೊತೆ ಏನು ಮಾತಾಡುವುದು ಅಂತ ಸುಮ್ಮನಾಗಿದ್ದರಂತೆ. ಮುಖ ನೋಡಿ ‘ಜಾಸ್ತಿಯಾಯಿತು’ ಅನ್ನಲು ಅವರಿಗೆ ಸಂಕೋಚ. ಅಂದಿನಿಂದ ನಾವು ಬೆಲೆಯನ್ನು ಅಕ್ಷರದಲ್ಲೂ ಬರೆಯುತ್ತೇವೆ. ನೀವೂ ಬರೆಯಿರಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ತೊಂದರೆ ಇರುವುದು ಮಾಂಸದಲ್ಲಿ ಅಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ತೆರಾಸಿ. ಸೀಗಡಿಯನ್ನು ಹುಳಿಬರಿಸಿ ಅರೆದು ಮಾಡಿದ ಕಂದು ಬಣ್ಣದ ಮುದ್ದೆ ಅದು. ಸಾಂಬಾಲ್ ಅನ್ನುವ ಖಾರದ ಚಟ್ನಿಗೆ, ಸೊಪ್ಪಿನ ಪಲ್ಯಕ್ಕೆ, ಎಲ್ಲದಕ್ಕೂ ಚೂರು ಹಾಕುತ್ತಾರೆ. ನಮ್ಮಲ್ಲಿ ಇಂಗು ಹಾಕಿದ ಹಾಗೆ. ಹಾಕಿದವರಿಗೆ ಅದು ಮಾಂಸ ಅಂತ ನೆನಪೂ ಬರುವುದಿಲ್ಲ. ಊಟದ ಜೊತೆ ಕೊಡುವ ಗರಿಗರಿ ಹಪ್ಪಳದಲ್ಲೂ ಸೀಗಡಿ ಇರುತ್ತದೆ. ಹಾಗಾಗಿ ‘ವೆಜಿಟೇರಿಯನ್’ ಅಂದರೆ ಸಾಲದು. ಹೀಗೆ ಹೇಳಿ: ‘ಸಾಯಾ ತಿದಾಕ್ ಮಾಕನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್, ತೆರಾಸಿ.’ ನಾನು ಮಾಂಸ, ಕೋಳಿ, ಮೀನು, ಸೀಗಡಿ, ತೆರಾಸಿ ತಿನ್ನುವುದಿಲ್ಲ ಅಂತ. ಮೊಟ್ಟೆಯೂ ಬೇಡ ಅಂದರೆ ‘ತೆಲೂರ್’ ಸೇರಿಸಿ. ನಾನು ಇದನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಇಷ್ಟು ಹೇಳಿದ ಮೇಲೆ ಊಟ ಸೊಗಸು. ತೆಂಪೆ ಅಂತ ಒಂದಿದೆ. ಬೇಯಿಸಿದ ಸೋಯಾ ಕಾಳಿಗೆ ಬಿಳಿ ಬೂಷ್ಟು ಹಿಡಿಸಿ ಗಟ್ಟಿ ಮಾಡಿದ ಬಿಲ್ಲೆ. ಕೇಳಲು ಹೇಗೋ ಅನಿಸುತ್ತದೆ. ತೆಳ್ಳಗೆ ಕತ್ತರಿಸಿ ಎಣ್ಣೆಯಲ್ಲಿ ಕರಿದು ಬಿಸಿಬಿಸಿ ಕೊಟ್ಟಾಗ ತಿಂದು ನೋಡಿ. ಕಡಲೆಬೇಳೆ ಆಂಬೊಡೆಯ ಗರಿಯೇ ಅದರಲ್ಲಿದೆ. ರಸ್ತೆ ಬದಿಯ ಗಾಡಿಗಳಲ್ಲಿ ಕೆತೋಪ್ರಾಕ್ ಸಿಗುತ್ತದೆ. ನಾನು ನೋಡಿದ ಗಾಡಿಯಲ್ಲಿ ಅಜ್ಜಿಯೊಬ್ಬರು ಚಪ್ಪಟೆ ಕಲ್ಲಿನ ಮೇಲೆ ಕಡಲೆಕಾಯಿ, ಬೆಳ್ಳುಳ್ಳಿ, ಹಸಿಮೆಣಸು ಇಟ್ಟು ಅಲ್ಲೇ ಅರೆದರು. ಎಷ್ಟು ಮೆಣಸು ಅಂತ ಬೆರಳು ಎತ್ತಿ ಕೇಳಿದರು. ನಾನು ಮೂರು ಬೆರಳು ತೋರಿಸಿದೆ. ಸೋಯಾ ಪನೀರು, ಮೊಳಕೆ ಕಾಳು, ಶಾವಿಗೆ, ಒತ್ತಿದ ಅನ್ನದ ತುಂಡು, ಮೇಲೆ ಆ ಗಟ್ಟಿ ಕಡಲೆಕಾಯಿ ಚಟ್ನಿ. ಉತ್ತರ ಕರ್ನಾಟಕದವರಿಗೆ ಶೇಂಗಾ ಚಟ್ನಿ ನೆನಪಾಗದೇ ಇರುವುದಿಲ್ಲ.

ಪಾದಾಂಗ್ ಹೋಟೆಲಿಗೆ, ಅಂದರೆ ಸುಮಾತ್ರಾದ ಪಾದಾಂಗ್ ಊರಿನ ಅಡುಗೆ ಮಾಡುವ ಕಡೆಗೆ, ಹೋದರೆ ಕೇಳದೆಯೇ ಹತ್ತು ಹದಿನೈದು ತಟ್ಟೆ ತಂದು ಜೋಡಿಸುತ್ತಾರೆ. ಗಾಬರಿಯಾಗಬೇಡಿ, ಮುಟ್ಟಿದ್ದಕ್ಕೆ ಮಾತ್ರ ದುಡ್ಡು. ಅಲ್ಲಿ ಹಲಸಿನಕಾಯಿ ಸಾರು ಕಾಣುತ್ತದೆ, ಆದರೆ ಸಾರಿಗೆ ಮಾಂಸ ಬಿದ್ದಿರಬಹುದು. ಕೇಳಿ.

ನಲ್ಲಿ ನೀರು ಕುಡಿಯಬೇಡಿ.

ಕಾಫಿ?

ಜಕಾರ್ತಾ ಇರುವುದು ಜಾವಾ ದ್ವೀಪದಲ್ಲಿ, ಜಾವಾ ಅಂದರೆ ಕಾಫಿ ಅಲ್ವಾ. ಆದರೆ ನಮ್ಮ ಫಿಲ್ಟರ್ ಕಾಫಿ ಹುಡುಕಬೇಡಿ. ‘ಕೋಪಿ ತುಬ್ರುಕ್’ ಕೇಳಿ. ಗಾಜಿನ ಲೋಟಕ್ಕೆ ಪುಡಿ ಹಾಕಿ ಕುದಿನೀರು ಸುರಿದು ಕೊಡುತ್ತಾರೆ, ಸೋಸುವುದಿಲ್ಲ. ಗಷ್ಟು ತಳಕ್ಕೆ ಇಳಿಯುವ ತನಕ ನಾಲ್ಕೈದು ನಿಮಿಷ ಕಾಯಬೇಕು. ಆ ನಾಲ್ಕೈದು ನಿಮಿಷದಲ್ಲಿ ಎದುರಿಗಿದ್ದವರು ಮನೆ ಮಕ್ಕಳ ಬಗ್ಗೆ ಕೇಳುತ್ತಾರೆ. ವ್ಯಾಪಾರ ಅಲ್ಲಿಂದಲೇ ಶುರು.

ಮೀಟಿಂಗ್‌ನಲ್ಲಿ ಹೇಗೆ ನಡೆದುಕೊಳ್ಳಬೇಕು?

ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಅಂತ ಸೇರಿಸಿ ಕರೆಯಬೇಕು. ಅಪ್ಪ, ಅಮ್ಮ ಅನ್ನುವ ಪದಗಳೇ ಅವು. ನಾವು ‘ರಾಮಣ್ಣ’, ‘ಲಕ್ಷ್ಮಮ್ಮ’ ಅನ್ನುತ್ತೇವಲ್ಲ, ಅದೇ ರೀತಿ. ಅವರಲ್ಲಿ ಹೆಸರಿಗಿಂತ ಮುಂಚೆ ಬರುತ್ತದೆ, ಅಷ್ಟೇ. ಚಿಕ್ಕ ವಯಸ್ಸಿನವರಿಗೆ ‘ಮಾಸ್’, ‘ಮ್ಬಾ’. ಬರೀ ಹೆಸರು ಹಿಡಿದು ಕರೆಯಬೇಡಿ. ಜಾವಾದ ಎಷ್ಟೋ ಜನಕ್ಕೆ ಇರುವುದು ಒಂದೇ ಹೆಸರು. ಮೊದಲ ಅಧ್ಯಕ್ಷ ಸುಕಾರ್ನೊ, ಎರಡನೆಯ ಅಧ್ಯಕ್ಷ ಸುಹಾರ್ತೊ, ಇಬ್ಬರಿಗೂ ಹಾಗೇ. ಫಾರಂನಲ್ಲಿ ಸರ್‌ನೇಮ್ ಕಾಲಂ ಬಂದಾಗ ಇನಿಷಿಯಲ್ ಇಟ್ಟುಕೊಂಡ ನಾವು ಒದ್ದಾಡುವ ಹಾಗೆ ಅವರೂ ಒದ್ದಾಡುತ್ತಾರೆ. ಈ ವಿಷಯ ತೆಗೆದರೆ ಮಾತು ಬೆಳೆಯುತ್ತದೆ.

ಕೈಕುಲುಕುವುದು ಮೆಲ್ಲಗೆ. ಆಮೇಲೆ ಅಂಗೈಯನ್ನು ಎದೆಗೆ ಮುಟ್ಟಿಸಿಕೊಳ್ಳುತ್ತಾರೆ. ಹೆಂಗಸರು ಕೈ ಚಾಚಿದರೆ ಮಾತ್ರ ಕೈ ಕೊಡಿ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಅಥವಾ ಬಲಗೈಯಲ್ಲಿ ಕೊಡಿ. ಎಡಗೈ ಬೇಡ, ಅದು ನಮಗೆ ಹೇಳಿಕೊಡಬೇಕಾಗಿಲ್ಲ. ಪ್ರತಿಯೊಬ್ಬರ ಮುಂದೂ ಒಂದು ಪುಟ್ಟ ರಟ್ಟಿನ ಡಬ್ಬಿ ಇಟ್ಟಿರುತ್ತಾರೆ. ಒಳಗೆ ಎರಡು ಮೂರು ಬಗೆಯ ತಿಂಡಿ, ಒಂದು ಲೋಟದಷ್ಟು ನೀರು. ಬಾಳೆ ಎಲೆ ಸುತ್ತಿದ ಅಂಟಕ್ಕಿ ಉಂಡೆ ಕಂಡು ನಮ್ಮ ಕಡುಬು ಅಂತ ಬಾಯಿಗೆ ಹಾಕಬೇಡಿ. ಅದು ಲೆಂಪೆರ್, ಒಳಗೆ ಕೋಳಿ ಇರುತ್ತದೆ.

‘ಇಲ್ಲ’ ಅನ್ನುವ ಮಾತು ಅವರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ‘ಬೆಲುಮ್’ ಅನ್ನುತ್ತಾರೆ. ‘ಇನ್ನೂ ಇಲ್ಲ’ ಅಂತ ಅರ್ಥ. ಆರ್ಡರ್ ಪಕ್ಕಾ ಆಯಿತಾ? ಬೆಲುಮ್. ಮದುವೆ ಆಯಿತಾ? ಬೆಲುಮ್. ನನಗೆ ಆ ಪದ ತುಂಬಾ ಹಿಡಿಸಿತು, ಬಾಗಿಲು ಮುಚ್ಚದ ಮಾತು ಅದು. ಆದರೆ ಮೂರು ಸಲ ಕೇಳಿ ಮೂರು ಸಲವೂ ಬೆಲುಮ್ ಬಂದರೆ ಒತ್ತಾಯ ಮಾಡಬೇಡಿ. ಎಲ್ಲರ ಮುಂದೆ ಉತ್ತರಕ್ಕೆ ಪಟ್ಟು ಹಿಡಿದರೆ ಅವರಿಗೆ ಅವಮಾನವಾಗುತ್ತದೆ.

ಬಟ್ಟೆ? ಕೋಟು ಬೇಕಾ?

ಕೋಟು ಮನೆಯಲ್ಲಿ ಬಿಟ್ಟು ಹೋಗಿ. ಅಲ್ಲಿ ಮೇಣದಿಂದ ಚಿತ್ತಾರ ಬರೆದು ಬಣ್ಣ ಹಾಕಿದ ಉದ್ದ ತೋಳಿನ ಬಾತಿಕ್ ಅಂಗಿಯೇ ದೊಡ್ಡ ಉಡುಪು, ಮದುವೆಗೂ ಆಗುತ್ತದೆ, ಮಂತ್ರಿಗಳ ಸಭೆಗೂ ಆಗುತ್ತದೆ. ಶುಕ್ರವಾರ ಆಫೀಸಿಗೆ ಆಫೀಸೇ ಬಾತಿಕ್‌ನಲ್ಲಿರುತ್ತದೆ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಮೊದಲ ಗುರುವಾರವೇ ಒಂದು ಕೊಂಡುಕೊಳ್ಳಿ. ಕೊಳ್ಳುವಾಗ ಬಟ್ಟೆ ತಿರುಗಿಸಿ ನೋಡಿ. ಮೇಣದ ಲೇಖನಿಯಲ್ಲಿ ಕೈಯಿಂದ ಬರೆದದ್ದಾದರೆ ಒಳಮೈಯಲ್ಲೂ ಬಣ್ಣ ಅಷ್ಟೇ ಗಾಢವಾಗಿರುತ್ತದೆ. ಮೆಷಿನ್ ಪ್ರಿಂಟ್ ಆದರೆ ಹಿಂಭಾಗ ಮಂಕು.

ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಇಡಬಹುದಾ?

ಹನ್ನೊಂದೂವರೆಯಿಂದ ಒಂದು ಗಂಟೆ ತನಕ ಇಡಬೇಡಿ, ನಮಾಜಿನ ಹೊತ್ತು. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಎಲ್ಲರೂ ಮನೆಗೆ ಓಡುತ್ತಿರುತ್ತಾರೆ. ಹಬ್ಬದ ಹಿಂದೆಮುಂದೆ ಅರ್ಧ ಊರೇ ಹಳ್ಳಿಗೆ ಹೋಗಿರುತ್ತದೆ. ಆಗ ಪ್ರಯಾಣವನ್ನೇ ಮುಂದೂಡಿ. ಅಂದ ಹಾಗೆ ಉಪವಾಸಕ್ಕೆ ಅವರು ಅನ್ನುವುದು ‘ಪುವಾಸಾ’. ನಮ್ಮ ಉಪವಾಸವೇ ಅದು.

ಭಾಷೆ ಬರದಿದ್ದರೆ ಕಷ್ಟವಾ?

ಆಫೀಸುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ, ಡ್ರೈವರ್ ಹತ್ತಿರ ನಡೆಯುವುದಿಲ್ಲ. ಆದರೆ ಕಿವಿಗೊಟ್ಟು ಕೇಳಿ. ಭಾಷೆಗೆ ‘ಬಹಾಸಾ’, ಹೆಸರಿಗೆ ‘ನಾಮಾ’, ಬಣ್ಣಕ್ಕೆ ‘ವಾರ್ನಾ’, ರುಚಿಗೆ ‘ರಾಸಾ’, ಮುಖಕ್ಕೆ ‘ಮುಕಾ’, ನಗರಕ್ಕೆ ‘ಕೋತಾ’, ಗಂಡನಿಗೆ ‘ಸುವಾಮಿ’. ಎರಡನೇ ದಿನಕ್ಕೆ ಅಂಗಡಿ ಬೋರ್ಡುಗಳಲ್ಲಿ ನೆಂಟರು ಸಿಕ್ಕ ಹಾಗೆ ಅನಿಸತೊಡಗಿತು. ಲಿಪಿ ರೋಮನ್ ಆದ್ದರಿಂದ ಓದುವುದೂ ಸುಲಭ. ಒಂದು ‘ತೆರಿಮಾ ಕಾಸಿ’ ಅಂದರೆ ಸಾಕು, ಧನ್ಯವಾದ ಅಂತ. ಎದುರಿನವರ ಮುಖ ಅರಳುತ್ತದೆ.

ಮಳೆ ಯಾವಾಗ?

ನವೆಂಬರ್‌ನಿಂದ ಮಾರ್ಚ್ ತನಕ ಜೋರು. ಮಧ್ಯಾಹ್ನದ ಮೇಲೆ ಕಪ್ಪಾಗಿ ಒಂದೇ ಸಮ ಸುರಿಯುತ್ತದೆ. ಮಾಲ್‌ನ ಬಾಗಿಲಲ್ಲಿ ನಿಂತಿದ್ದೆ, ಎಂಟೊಂಬತ್ತು ವರ್ಷದ ಹುಡುಗ ದೊಡ್ಡ ಛತ್ರಿ ಹಿಡಿದು ಬಂದ. ಛತ್ರಿ ನನ್ನ ಕೈಗೆ ಕೊಟ್ಟು, ತಾನು ನೆನೆಯುತ್ತಾ ಪಕ್ಕದಲ್ಲಿ ನಡೆದು ಟ್ಯಾಕ್ಸಿ ತನಕ ಬಿಟ್ಟ. ಇಂಥವರಿಗೆ ‘ಓಜೆಕ್ ಪಾಯುಂಗ್’ ಅನ್ನುತ್ತಾರೆ. ನಾನು ಛತ್ರಿಯೊಳಗೆ ಕರೆದರೂ ಬರಲಿಲ್ಲ. ಕೈಗೆ ಕೊಟ್ಟ ನೋಟನ್ನು ಹಣೆಗೆ ಒತ್ತಿಕೊಂಡು ಮತ್ತೆ ಓಡಿದ. ಶಾಲೆಯಲ್ಲಿ ಇರಬೇಕಾದ ಹೊತ್ತು ಅದು. ಮನಸ್ಸಿಗೆ ಹಿಂಸೆಯಾಯಿತು.

ಅರ್ಧ ದಿನ ಬಿಡುವು ಸಿಕ್ಕರೆ ಏನು ನೋಡಲಿ?

ಮಾಲ್‌ಗೆ ಹೋಗಬೇಡಿ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸೋಮವಾರ ರಜೆ. 2023ರಲ್ಲಿ ಒಂದು ಭಾಗಕ್ಕೆ ಬೆಂಕಿ ಬಿದ್ದಿತ್ತು, 2024ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆದರು. ಅಲ್ಲಿ ತುಗು ಶಾಸನದ ಕಲ್ಲಿದೆ. ಉತ್ತರ ಜಕಾರ್ತಾದ ತುಗು ಅನ್ನುವ ಕಡೆ ಸಿಕ್ಕಿದ್ದು. ಮೊಟ್ಟೆಯ ಹಾಗೆ ದುಂಡಗಿನ ಬಂಡೆ. ಅದರ ಮೈಮೇಲೆ ಐದು ಸಾಲು, ಪಲ್ಲವ ಲಿಪಿ, ಸಂಸ್ಕೃತ ಭಾಷೆ, 5ನೇ ಶತಮಾನ. ನಮ್ಮ ಹಲ್ಮಿಡಿ ಶಾಸನದ ಕಾಲವೂ ಹೆಚ್ಚುಕಮ್ಮಿ ಅದೇ. ತಾರುಮಾನಗರದ ರಾಜ ಪೂರ್ಣವರ್ಮ ಗೋಮತಿ ಅನ್ನುವ ಕಾಲುವೆ ತೋಡಿಸಿದ, 6,122 ಧನುಸ್ಸು (ಬಿಲ್ಲಿನ ಅಳತೆ) ಉದ್ದ, 21 ದಿನದಲ್ಲಿ ಮುಗಿಯಿತು, ಬ್ರಾಹ್ಮಣರಿಗೆ ಸಾವಿರ ಹಸು ದಾನ ಕೊಟ್ಟ ಅಂತ ಅದರಲ್ಲಿದೆ. ಹಿಂದಿನ ದಿನ ತಾನೇ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಟೆಲ್ ಸೇರಿದ್ದೆ. ಸಾವಿರದೈನೂರು ವರ್ಷದ ಹಿಂದೆಯೂ ಈ ನೆಲದವರಿಗೆ ನೀರಿನದೇ ಚಿಂತೆ ಇತ್ತು ಅಂತ ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತೆ.

ಅಲ್ಲಿಂದ ಹೊರಗೆ ಬಂದು ತಮ್ರಿನ್ ರಸ್ತೆಯ ಕಡೆ ನಡೆದರೆ ಅರ್ಜುನನ ರಥದ ಪ್ರತಿಮೆ ಸಿಗುತ್ತದೆ. ಕೃಷ್ಣ ಸಾರಥಿ, ಕುದುರೆಗಳು ಹಾರುತ್ತಿವೆ, 1987ರಲ್ಲಿ ನಿಲ್ಲಿಸಿದ್ದು. ಮುಸ್ಲಿಮರೇ ಹೆಚ್ಚಾಗಿರುವ ದೇಶದ ರಾಜಧಾನಿಯ ನಟ್ಟನಡುವೆ! ಜೊತೆಗಿದ್ದ ಗೆಳೆಯರನ್ನು ಕೇಳಿದೆ. ‘ಅರ್ಜುನ ನಮ್ಮವನೇ ಅಲ್ವಾ’ ಅಂದರು, ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ. ಇನ್ನೂ ಸಮಯ ಇದ್ದರೆ ಹಳೆಯ ಊರು ಕೋತಾ ತುವಾದಲ್ಲಿ ವಾಯಾಂಗ್ ಗೊಂಬೆಗಳ ಸಂಗ್ರಹಾಲಯ ನೋಡಿ. ನಮ್ಮ ತೊಗಲುಗೊಂಬೆ ಕಂಡವರಿಗೆ ಭೀಮನನ್ನು ಗುರುತಿಸುವುದು ಕಷ್ಟವಾಗುವುದಿಲ್ಲ.

ಫುಟ್‌ಬಾಲ್ ಇಷ್ಟಪಡುವವರು ಸೆನಾಯಾನ್ ಕ್ರೀಡಾಂಗಣದ ಹತ್ತಿರ ಇಳಿದು ನೋಡಿ. 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದದ್ದು ಅಲ್ಲೇ. ಭಾನುವಾರ ಬೆಳಿಗ್ಗೆ ಸುದೀರ್ಮಾನ್-ತಮ್ರಿನ್ ರಸ್ತೆಯಲ್ಲಿ ಕಾರು ಬಿಡುವುದಿಲ್ಲ, ಊರಿಗೆ ಊರೇ ನಡೆಯಲು ಬರುತ್ತದೆ.

ಊರು ಮುಳುಗುತ್ತಿದೆಯಂತೆ, ರಾಜಧಾನಿ ಬದಲಾಗುತ್ತದಂತೆ, ನಿಜಾನಾ?

ಉತ್ತರದ ಸಮುದ್ರದ ಕಡೆ ನೆಲ ಕುಸಿಯುತ್ತಿರುವುದು ನಿಜ. ನಲ್ಲಿ ನೀರು ಎಲ್ಲರಿಗೂ ಸಾಲದೆ ನೆಲದಡಿಯ ನೀರು ಎಳೆದಿದ್ದೇ ದೊಡ್ಡ ಕಾರಣ. ಮುವಾರಾ ಬಾರು ಕಡೆ ಸಮುದ್ರಕ್ಕೆ ಗೋಡೆ ಕಟ್ಟಿದ್ದಾರೆ. ಗೋಡೆಯಾಚೆ ನೀರು ಹೊಕ್ಕು ಪಾಳುಬಿದ್ದ ಮಸೀದಿಯೊಂದು ನಿಂತಿದೆ. ಕೊಳವೆಬಾವಿ ಮೇಲೆ ಕೊಳವೆಬಾವಿ ತೋಡುವ ನಾವು ಅದನ್ನು ಒಮ್ಮೆ ನೋಡಬೇಕು. ಹೊಸ ರಾಜಧಾನಿ ನುಸಾಂತರಾವನ್ನು ಬೋರ್ನಿಯೊ ದ್ವೀಪದಲ್ಲಿ ಕಟ್ಟುತ್ತಿದ್ದಾರೆ, 2022ರಲ್ಲಿ ಕಾನೂನು ಆಯಿತು. ನಿಮ್ಮ ವ್ಯಾಪಾರ ಮಾತ್ರ ಜಕಾರ್ತಾದಲ್ಲೇ ಇರುತ್ತದೆ. ವಿಶ್ವಸಂಸ್ಥೆಯ 2025ರ ಲೆಕ್ಕದಲ್ಲಿ ಸುತ್ತಲಿನ ಊರುಗಳೂ ಸೇರಿ ಸುಮಾರು 4.2 ಕೋಟಿ ಜನ, ಜಗತ್ತಿನಲ್ಲೇ ದೊಡ್ಡ ನಗರ.

ಒಬ್ಬರೇ ಓಡಾಡಬಹುದಾ?

ಓಡಾಡಬಹುದು. ಲೋಕಲ್ ರೈಲಿನಲ್ಲಿ ಹೆಂಗಸರಿಗೆ ಬೇರೆ ಬೋಗಿ ಇದೆ. ರಸ್ತೆ ಅಂಚಿನಲ್ಲಿ ಮೊಬೈಲ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ಫುಟ್‌ಪಾತ್ ದೊಡ್ಡ ರಸ್ತೆಗಳಲ್ಲಿ ಚೆನ್ನಾಗಿದೆ, ಒಳಗೆ ಹೋದಂತೆ ನಮ್ಮ ಊರಿನ ಥರವೇ.

ಅವರಿಗೆ ಕೊಡಲು ಏನು ತಗೊಂಡು ಹೋಗಲಿ?

ಸಿಹಿ. ಮೊಟ್ಟೆ, ಮಾಂಸ, ಮದ್ಯ ಏನೂ ಸೋಂಕದ ತುಪ್ಪದ ಸಿಹಿ ಅಂತ ಹೇಳಿ ಕೊಡಿ, ನಿಶ್ಚಿಂತೆಯಿಂದ ತಿನ್ನುತ್ತಾರೆ. ನಾನು ಎರಡನೇ ಸಲ ಹೋದಾಗ ಚಿಕಾರಾಂಗ್‌ನವರಿಗೆ ಸ್ಟೀಲ್ ಡಬ್ಬಿಯಲ್ಲಿ ಮೈಸೂರ್ ಪಾಕ್ ಒಯ್ದಿದ್ದೆ. ಹೆಸರು ಹೇಳಿದ ಕೂಡಲೇ ಎಲ್ಲರೂ ನಕ್ಕರು. ‘ಪಾಕ್ ಮೈಸೂರ್ ಅಂದರೆ ಯಾರು, ನಿಮ್ಮ ಯಜಮಾನರಾ?’ ಅಂತ ಕೇಳಿದರು. ಆ ಹಿರಿಯರು ಒಂದೊಂದು ತುಂಡನ್ನೂ ನಾಲ್ಕು ಮಾಡಿ, ಗೇಟಿನ ಕಾವಲುಗಾರರ ತನಕ ಎಲ್ಲರಿಗೂ ಹಂಚಿದರು. ಸಕ್ಕರೆ ಹಾಕದ ಚಹಾದ ಜೊತೆ ತಿಂದೆವು. ಹೊರಡುವಾಗ ಡಬ್ಬಿ ತೊಳೆದು ಒರೆಸಿ ವಾಪಸ್ ಕೊಟ್ಟರು. ಕೈಗೆ ತಗೊಂಡರೆ ಭಾರ ಇತ್ತು. ಮುಚ್ಚಳ ತೆಗೆದು ನೋಡಿದೆ. ಹಾವಿನ ಚರ್ಮದಂಥ ಸಿಪ್ಪೆಯ ಸಲಾಕ್ ಹಣ್ಣು, ಆರು ಇದ್ದವು.